ಮಾಯದ ಬಾಯಿ ಹುಣ್ಣು: ಕ್ಯಾನ್ಸರ್ ಒಳನುಗ್ಗೋದು ಹೇಗೆ?

ಸಿಂಧನೂರು ತಾಲ್ಲೂಕಿನ ಸಾಲಗುಂದ ಕಡೆಯಿಂದ ಕೇಳ್ತಿರೋರಿಗೆ ಭತ್ತದ ಗದ್ದೆ ಹೊಸದಲ್ಲ. ಬದು ಒಡೆದರೆ ನೀರು ಪಕ್ಕದ ಗದ್ದೆಗೆ ನುಗ್ಗುತ್ತೆ. ಬಾಯಿ ಕ್ಯಾನ್ಸರ್ ಹರಡೋದೂ ಹೆಚ್ಚುಕಮ್ಮಿ ಹಾಗೇ. ಆದ್ರೆ ಇಲ್ಲಿ ಬದು ಕಡಿಯೋ ಸಲಿಕೆ ಕೊಡೋದು ನಮ್ಮ ದೇಹವೇ!

ಕೆನ್ನೆ ಕಚ್ಚಿಕೊಂಡಾಗ ಆ ಜಾಗ ಕೆಂಪಾಗಿ ಊದುತ್ತೆ, ಅಲ್ವಾ? ಅದೇ ಉರಿಯೂತ. ಅಲ್ಲಿ ಸೇರುವ ರೋಗನಿರೋಧಕ ಜೀವಕೋಶಗಳು ಟಿಎನ್‌ಎಫ್, ಐಎಲ್-6 ಎಂಬ ಸಂಕೇತಗಳನ್ನು ಹೊರಬಿಡುತ್ತವೆ. ಸುತ್ತಲಿನ ಕೋಶಗಳು ಸರಿದು ಬಂದು ಗಾಯ ಮುಚ್ಚುತ್ತವೆ. ಗಾಯ ಮಾಯ್ದ ಮೇಲೆ ಸಂಕೇತವೂ ನಿಲ್ಲುತ್ತೆ.

ದಿನವೂ ಗುಟ್ಕಾ ಜಗಿದರೆ ಅದು ನಿಲ್ಲೋದೇ ಇಲ್ಲ. ಅಲ್ಲೇ ಕ್ಯಾನ್ಸರ್ ಕೋಶ ಹುಟ್ಟಿದ್ದರೆ, ಆ ಸಂಕೇತದಿಂದ ಅದರೊಳಗಿನ ಎನ್‌ಎಫ್-ಕಪ್ಪಾಬಿ ಎಂಬ ಸ್ವಿಚ್ ಆನ್ ಆಗುತ್ತೆ. ನೆರೆಕೋಶಕ್ಕೆ ಅಂಟಿಸಿಟ್ಟಿದ್ದ ಇ-ಕ್ಯಾಡ್ಹೆರಿನ್ ಪ್ರೋಟೀನ್ ಕಡಿಮೆಯಾಗುತ್ತೆ. ಎಂಎಂಪಿ ಕಿಣ್ವಗಳು ಕೆಳಗಿನ ಪದರವನ್ನು ಕತ್ತರಿಸುತ್ತವೆ. ಬದು ಒಡೀತು! ಕೋಶ ಒಳನುಗ್ಗಿ ಕುತ್ತಿಗೆಯ ಗ್ರಂಥಿಗಳಿಗೂ ತಲುಪಬಹುದು. ವಿಜ್ಞಾನಿ ಹೆರಾಲ್ಡ್ ಡ್ವೊರಾಕ್ 1986ರಲ್ಲೇ ಕ್ಯಾನ್ಸರ್ ಗಡ್ಡೆಯನ್ನು ಮಾಯದ ಗಾಯಕ್ಕೆ ಹೋಲಿಸಿದ್ದರು.

ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯ್ತು. ಆದ್ರೆ ಪಾನ್ ಮಸಾಲಾ, ತಂಬಾಕು ಬೇರೆ ಬೇರೆ ಪ್ಯಾಕೆಟ್‌ನಲ್ಲಿ ಕೊಂಡು ಬೆರೆಸಿದರೆ ಅದೂ ಗುಟ್ಕಾನೇ. ತಂಬಾಕಿಲ್ಲದೆ ಬರೀ ಅಡಿಕೆ ಜಗಿದರೂ ಕ್ಯಾನ್ಸರ್ ಅಪಾಯ ಇದ್ದೇ ಇದೆ.

ಎಲ್ಲ ಹುಣ್ಣೂ ಕ್ಯಾನ್ಸರ್ ಅಲ್ಲ. ಆದ್ರೆ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯೋಕಾಗದೇ ಇರೋದು, ಇವುಗಳಲ್ಲಿ ಯಾವುದಿದ್ದರೂ ನೋವಿಲ್ಲ ಅಂತ ಸುಮ್ಮನಿರಬೇಡಿ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಹೆಚ್ಚಿನ ಚಿಕಿತ್ಸೆಗೆ ಕಲಬುರಗಿಯಲ್ಲೇ ಕಿದ್ವಾಯಿ ಕೇಂದ್ರವಿದೆ. ಬದು ಒಡೆಯೋ ಮೊದಲೇ ಹೋಗಿ.