ಪಹಣಿ ಭದ್ರ, ಹೊಲ ಎಲ್ಲಿದೆ?



2020ರ ಫೆಬ್ರವರಿ 20ರಂದು ಒಂದು ಹೊಸ ಪಟ್ಟಣ ಸಾರ್ವಜನಿಕರಿಗೆ ತೆರೆಯಿತು. ಅದರ ಹೆಸರು ಡಿಸೆಂಟ್ರಲ್ಯಾಂಡ್. ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ ಅಲ್ಲಿಗೆ ಹೋಗಲು ಸಾಧ್ಯವಿಲ್ಲ. ಅದು ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ ಕಾಣುವ ಊರು. ಏರಿ ಮೈಲಿಚ್ ಮತ್ತು ಎಸ್ತೆಬಾನ್ ಒರ್ಡಾನೊ ಎಂಬಿಬ್ಬರು ಅದರ ಸ್ಥಾಪಕರು. ಸ್ವಾರಸ್ಯವೆಂದರೆ, ಊರು ತೆರೆಯುವ ಎರಡು ವರ್ಷ ಮೊದಲೇ, 2017ರ ಡಿಸೆಂಬರಿನಲ್ಲಿ, ಅದರ ನಿವೇಶನಗಳ ಹರಾಜು ಆರಂಭವಾಗಿತ್ತು. ಇನ್ನೂ ಇಲ್ಲದ ಊರಿನ ಸೈಟನ್ನು ಜನ ಹಣ ಕೊಟ್ಟು ಕೊಂಡರು. ಅವರು ಕೊಂಡದ್ದಾದರೂ ಏನನ್ನು? ಈ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ಆ ಊರನ್ನು ಒಂದು ಸುತ್ತು ಹಾಕಿ ಬರೋಣ.

ಊರಿನ ನಕ್ಷೆ

ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ –150ರಿಂದ +150ರವರೆಗೆ, ಉದ್ದಕ್ಕೂ ಅಷ್ಟೇ ಗುರುತು ಹಾಕಿ. 301 ಸಾಲು, 301 ಕಂಬಸಾಲು, ಒಟ್ಟು 90,601 ಚೌಕಗಳು. ಇದೇ ಆ ಊರಿನ ನಕ್ಷೆ. ಪ್ರತಿ ಚೌಕ 16 ಮೀಟರ್ ಉದ್ದ, 16 ಮೀಟರ್ ಅಗಲ ಎಂದು ಲೆಕ್ಕ. ನಮ್ಮಲ್ಲಿ ಹೇಳುವ ಮೂವತ್ತು-ನಲವತ್ತರ ಸೈಟು ಎರಡಕ್ಕಿಂತ ತುಸು ಹೆಚ್ಚು. ಇಡೀ ಊರಿನ ವಿಸ್ತೀರ್ಣ ಸುಮಾರು 23 ಚದರ ಕಿಲೋಮೀಟರ್. ಇದಕ್ಕಿಂತ ಹೆಚ್ಚು ಚೌಕಗಳಿಲ್ಲ ಎಂಬುದೇ ಮಾರಾಟಗಾರರ ಮುಖ್ಯ ಮಾತಾಗಿತ್ತು.

ಒಳಗೆ ಹೋದವರಿಗೆ ಮೊದಲು ಒಂದು ದೇಹ ಬೇಕು. ಮುಖ, ಕೂದಲು, ಉಡುಪುಗಳನ್ನು ಆರಿಸಿಕೊಂಡರೆ ಬೊಂಬೆಯಂಥ ನಿಮ್ಮ ರೂಪ ಸಿದ್ಧವಾಗುತ್ತದೆ. ಊರಿನ ನಡುವೆ, ಸೊನ್ನೆ-ಸೊನ್ನೆ ಬಿಂದುವಿನಲ್ಲಿ, ಜೆನೆಸಿಸ್ ಪ್ಲಾಜಾ ಎಂಬ ಚೌಕವಿದೆ. ಅಲ್ಲಿಂದ ಹೊರಟರೆ ಚಿತ್ರಶಾಲೆಗಳು, ಆಟದ ಅಂಗಳಗಳು, ಜೂಜುಕಟ್ಟೆಗಳು ಅಲ್ಲೊಂದು ಇಲ್ಲೊಂದು ಸಿಗುತ್ತವೆ. ತೆರೆದ ಹೊಸತರಲ್ಲಿ ನಿಧಿ ಹುಡುಕುವ ಸ್ಪರ್ಧೆಯನ್ನೂ ಏರ್ಪಡಿಸಿದ್ದರು. ಆದರೆ ಬಹುಪಾಲು ನೆಲ ಖಾಲಿ. ಯಾರೂ ಏನೂ ಕಟ್ಟದ ನಿವೇಶನಗಳಲ್ಲಿ ಕಂಪ್ಯೂಟರ್ ತಾನಾಗಿಯೇ ಹುಲ್ಲು, ಮರ ಬಿಡಿಸಿಡುತ್ತದೆ. ನಡೆದಷ್ಟೂ ಹುಲ್ಲು, ನಡೆದಷ್ಟೂ ಮರ. ಹಬ್ಬ ಮುಗಿದ ಮರುದಿನದ ಜಾತ್ರೆಮಾಳ ನಿಮಗೆ ನೆನಪಾದೀತು.

ಇಲ್ಲಿನ ಕಟ್ಟಡಗಳು ಹೇಗೆ ನಿಲ್ಲುತ್ತವೆ? ಕಂಪ್ಯೂಟರ್ ಪರದೆಯ ಮೇಲಿನ ಘನಾಕೃತಿಗಳೆಲ್ಲ ಪುಟ್ಟ ಪುಟ್ಟ ತ್ರಿಕೋನಗಳಿಂದಾದವು. ಒಂದು ನಿವೇಶನದಲ್ಲಿ 10,000 ತ್ರಿಕೋನ ಮೀರಬಾರದು, ಎತ್ತರ 20 ಮೀಟರ್ ದಾಟಬಾರದು ಎಂಬ ನಿಯಮವಿತ್ತು. ಮನೆಯ ಸಾಮಾನ್ಯ ಕಂಪ್ಯೂಟರ್ ಇಷ್ಟನ್ನೂ ಸೆಕೆಂಡಿಗೆ ಹಲವು ಬಾರಿ ಬಿಡಿಸಬೇಕಲ್ಲ, ಅದಕ್ಕೆ ಈ ಮಿತಿ.

ಇನ್ನೊಂದು ವಿಚಿತ್ರವನ್ನು ಗಮನಿಸಿ. ಊರು ತೆರೆದಾಗ ಎಲ್ಲರೂ ಒಂದೇ ಸರ್ವರಿನಲ್ಲಿ ಇರುತ್ತಿರಲಿಲ್ಲ. ಊರಿನ ಹಲವು ಪ್ರತಿಗಳು ಬೇರೆ ಬೇರೆ ಸರ್ವರುಗಳಲ್ಲಿ ನಡೆಯುತ್ತಿದ್ದವು. ನೀವು ಪ್ಲಾಜಾದ ಮೆಟ್ಟಿಲ ಮೇಲೆ ನಿಂತಿದ್ದೀರಿ, ನಿಮ್ಮ ಗೆಳತಿಯೂ ಅದೇ ಮೆಟ್ಟಿಲ ಮೇಲೆ ನಿಂತಿದ್ದಾಳೆ, ಆದರೂ ಇಬ್ಬರೂ ಪರಸ್ಪರ ಕಾಣದೆ ಹೋಗಬಹುದಿತ್ತು. ಹಾಗಾದರೆ ಈ ಊರಿನಲ್ಲಿ 'ಒಂದೇ' ಎನ್ನಬಹುದಾದದ್ದು ಯಾವುದು? ಅದರ ಲೆಕ್ಕದ ಪುಸ್ತಕ.

ಎಲ್ಲರ ಕೈಯಲ್ಲೂ ಒಂದು ಪುಸ್ತಕ

ಈ ಪುಸ್ತಕಕ್ಕೆ ಬ್ಲಾಕ್‌ಚೈನ್ ಎನ್ನುತ್ತಾರೆ. ನಿಮ್ಮ ತರಗತಿಯಲ್ಲಿ ಯಾರು ಯಾರಿಗೆ ಎಷ್ಟು ಗೋಲಿ ಕೊಟ್ಟರು ಎಂಬುದನ್ನು ಬರೆದಿಡಬೇಕು ಎಂದುಕೊಳ್ಳಿ. ಒಬ್ಬನೇ ಬರೆದರೆ ಅವನು ರಾತ್ರಿ ಕೂತು ತಿದ್ದಬಹುದು. ಅದಕ್ಕೆ ನಲವತ್ತು ಮಂದಿಯೂ ಒಂದೊಂದು ಪುಸ್ತಕ ಇಟ್ಟು, ಪ್ರತಿ ವ್ಯವಹಾರವನ್ನೂ ಎಲ್ಲರೂ ಬರೆದುಕೊಳ್ಳಿ. ಜೊತೆಗೆ ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದ ಎಲ್ಲ ಬರಹದಿಂದ ಲೆಕ್ಕ ಹಾಕಿ ತೆಗೆದ ಒಂದು ಗುರುತುಸಂಖ್ಯೆಯನ್ನು ನಮೂದಿಸಿ. ಹಳೆಯ ಪುಟದಲ್ಲಿ ಒಂದಕ್ಷರ ತಿದ್ದಿದರೂ ಗುರುತುಸಂಖ್ಯೆ ಬದಲಾಗುತ್ತದೆ, ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ, ಕಳ್ಳತನ ಬಯಲಾಗುತ್ತದೆ. ಪುಟಗಳು ಹೀಗೆ ಸರಪಳಿಯಂತೆ ಕೊಂಡಿ ಹಾಕಿಕೊಳ್ಳುವುದರಿಂದಲೇ ಆ ಹೆಸರು.

2015ರಲ್ಲಿ ಆರಂಭವಾದ ಎಥೀರಿಯಮ್ ಎಂಬುದು ಇಂಥ ಒಂದು ಪುಸ್ತಕ. ಡಿಸೆಂಟ್ರಲ್ಯಾಂಡಿನ ನಿವೇಶನ ಯಾರದು ಎಂಬುದು ಅದರಲ್ಲಿ ದಾಖಲಾಗುತ್ತದೆ. ಊರಿನ ನಾಣ್ಯ 'ಮಾನಾ' ಕೂಡ ಅದರಲ್ಲೇ ಇದೆ. ನಾಣ್ಯಗಳಲ್ಲಿ ಒಂದು ಇನ್ನೊಂದಕ್ಕೆ ಸಮ, ನಿವೇಶನ ಹಾಗಲ್ಲ. ಪ್ರತಿಯೊಂದಕ್ಕೂ ಅದರದೇ ಸಂಖ್ಯೆ, ಅದರದೇ ಜಾಗ. ಮಾಲೀಕನ ಗುಪ್ತಕೀಲಿ ಇಲ್ಲದೆ ಯಾರೂ ಅದನ್ನು ವರ್ಗಾಯಿಸಲಾರರು.

ಇದರ ಹಿಂದಿದ್ದ ಆಸೆ ಸಣ್ಣದಲ್ಲ. 2003ರಲ್ಲಿ ಲಿಂಡನ್ ಲ್ಯಾಬ್ ಆರಂಭಿಸಿದ ಸೆಕೆಂಡ್ ಲೈಫ್‌ನಂಥ ಊರುಗಳಲ್ಲಿ ಎಲ್ಲವೂ ಒಂದು ಕಂಪನಿಯ ಕೈಯಲ್ಲಿರುತ್ತದೆ. ಕಂಪನಿ ಅಂಗಡಿ ಮುಚ್ಚಿದರೆ ನೀವು ವರ್ಷಗಟ್ಟಲೆ ಕಟ್ಟಿದ್ದು ಕೂಡ ಹೋಗುತ್ತದೆ. ಯಾರೂ ಕಸಿದುಕೊಳ್ಳಲಾಗದ ಒಡೆತನ ಬೇಕು ಎಂಬುದು ಹೊಸಬರ ವಾದ.

ಪುಸ್ತಕದಲ್ಲಿ ಇಲ್ಲದ್ದು

ಈಗ ನಮ್ಮ ಪ್ರಶ್ನೆಗೆ ಬರೋಣ. ಕರ್ನಾಟಕದ ರೈತರಿಗೆಲ್ಲ ಪಹಣಿ ಗೊತ್ತು. 'ಭೂಮಿ' ಯೋಜನೆ ಬಂದ ಮೇಲೆ ಅದು ಕಂಪ್ಯೂಟರಿನಲ್ಲಿಯೇ ಇದೆ. ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು ಅದರಲ್ಲಿರುತ್ತವೆ. ಆದರೆ ಪಹಣಿಯೇ ಹೊಲವಲ್ಲ. ಕಾಗದ ಕಳೆದರೂ ಹೊಲ ಊರಾಚೆ ಇದ್ದಲ್ಲೇ ಇರುತ್ತದೆ. ಹೆಸರು ತಪ್ಪಾದರೆ ತಹಶೀಲ್ದಾರರ ಕಚೇರಿ ಇದೆ, ನ್ಯಾಯಾಲಯವಿದೆ.

ಬ್ಲಾಕ್‌ಚೈನ್ ಊರಿನಲ್ಲಿ ಇದು ತಿರುವುಮುರುವು. ಕಟ್ಟಡ, ಮರ, ಸಂಗೀತ ಇವನ್ನೆಲ್ಲ ಆ ಪುಸ್ತಕದಲ್ಲಿ ಬರೆಯುವುದಿಲ್ಲ. ಬರೆಯಲು ಹೊರಟರೆ ಖರ್ಚು ಅಪಾರ. ಅವು ಬೇರೆ ಸರ್ವರುಗಳಲ್ಲಿ ಇರುತ್ತವೆ. ಆ ಸರ್ವರುಗಳನ್ನು ಯಾರೋ ನಡೆಸಬೇಕು, ವಿದ್ಯುತ್ ಬಿಲ್ಲು ಕಟ್ಟಬೇಕು. ಅವು ನಿಂತರೆ ಪಹಣಿ ಉಳಿಯುತ್ತದೆ, ಹೊಲ ಮಾಯವಾಗುತ್ತದೆ. ಗುಪ್ತಕೀಲಿ ಕಳೆದರೆ ದೂರು ಕೊಡಲು ಕಚೇರಿಯೂ ಇಲ್ಲ. ಯಾರೂ ಕದ್ದು ತಿದ್ದಲಾಗದ ಪುಸ್ತಕದಲ್ಲಿ ನ್ಯಾಯವಾಗಿ ತಿದ್ದಿಸಿಕೊಳ್ಳುವುದೂ ಕಷ್ಟ.

ಬೆಲೆ ಬಂದದ್ದು, ಹೋದದ್ದು

2021ರ ನವೆಂಬರಿನಲ್ಲಿ ಇಲ್ಲಿನ 116 ನಿವೇಶನಗಳ ಒಂದು ಗುಂಪು 6,18,000 ಮಾನಾಗೆ, ಎಂದರೆ ಸುಮಾರು 24 ಲಕ್ಷ ಡಾಲರಿಗೆ ಮಾರಾಟವಾಯಿತು. 2022ರ ಕೊನೆಯ ಹೊತ್ತಿಗೆ ಮಾನಾದ ಬೆಲೆ ಅದರ ಉತ್ತುಂಗದ ಹತ್ತರಲ್ಲೊಂದು ಪಾಲಿಗಿಂತಲೂ ಕೆಳಗಿಳಿದಿತ್ತು. ಕಾರಣವೇನು? ಬಸ್ ನಿಲ್ದಾಣದ ಪಕ್ಕದ ಅಂಗಡಿಗೆ ಬೆಲೆ ಬರುವುದು ನಮ್ಮ ಕಾಲು ದಣಿಯುವುದರಿಂದ, ನಮ್ಮ ಹೊತ್ತು ಹೋಗುವುದರಿಂದ. ಡಿಸೆಂಟ್ರಲ್ಯಾಂಡಿನಲ್ಲಿ ಚೌಕದ ಸಂಖ್ಯೆ ಟೈಪ್ ಮಾಡಿದರೆ ಊರಿನ ಯಾವ ಮೂಲೆಗಾದರೂ ನೇರ ಹಾರಬಹುದು. ದೂರವೇ ಇಲ್ಲದ ಕಡೆ ಹತ್ತಿರಕ್ಕೆ ಎಷ್ಟು ಬೆಲೆ? ಅದೂ ಅಲ್ಲದೆ, ನೆಲಕ್ಕೆ ಬೆಲೆ ಕೊಡುವವರು ಅಲ್ಲಿಗೆ ಬರುವ ಜನ.

ಜನ ಎಷ್ಟು ಬರುತ್ತಿದ್ದರು? 2022ರ ಅಕ್ಟೋಬರಿನಲ್ಲಿ ಇದೇ ವಾದ ಎದ್ದಿತು. ಡ್ಯಾಪ್‌ರಾಡಾರ್ ಎಂಬ ಸಂಸ್ಥೆಯ ಲೆಕ್ಕದಲ್ಲಿ ಒಂದು ದಿನದ ಸಕ್ರಿಯ ಬಳಕೆದಾರರು ಕೇವಲ 38. ಊರಿನವರು ಹೇಳಿದ್ದು ದಿನಕ್ಕೆ ಸುಮಾರು 8,000. ಯಾವುದು ಸುಳ್ಳು? ಎರಡೂ ಅಲ್ಲ! ಮೊದಲನೆಯದು ಬ್ಲಾಕ್‌ಚೈನ್ ಪುಸ್ತಕದಲ್ಲಿ ವ್ಯವಹಾರ ಬರೆಸಿದವರ ಲೆಕ್ಕ, ಎರಡನೆಯದು ಸುಮ್ಮನೆ ಬಂದು ಅಡ್ಡಾಡಿದವರನ್ನೂ ಸೇರಿಸಿದ ಲೆಕ್ಕ. ಸಂತೆಯಲ್ಲಿ ಕೊಂಡವರನ್ನು ಎಣಿಸುವುದು ಬೇರೆ, ಬಂದವರನ್ನು ಎಣಿಸುವುದು ಬೇರೆ. ಯಾವುದೇ ಸಂಖ್ಯೆ ಕಣ್ಣಿಗೆ ಬಿದ್ದಾಗ 'ಇಲ್ಲಿ ಎಣಿಸಿದ್ದು ಏನನ್ನು?' ಎಂದು ಕೇಳುವುದೇ ವಿಜ್ಞಾನದ ಮೊದಲ ಪಾಠ.

ನೀವೇ ಮಾಡಿ ನೋಡಿ

ಇಂಥ ಊರುಗಳು ಇನ್ನೂ ಹುಟ್ಟುತ್ತವೆ. ನಾಳೆ ನಿಮ್ಮ ಕೈಗೆ ಮೊದಲ ಸಂಬಳ ಬಂದಾಗ ಯಾರಾದರೂ ಬಂದು 'ಈಗಲೇ ಕೊಳ್ಳಿ, ಚೌಕಗಳು ಮುಗಿಯುತ್ತಿವೆ' ಎನ್ನಬಹುದು. ಆಗ ಮೂರು ಪ್ರಶ್ನೆ ಕೇಳಿ. ದಾಖಲಾಗಿರುವುದು ಯಾವುದು, ದಾಖಲಾಗದೆ ಉಳಿದದ್ದು ಯಾವುದು? ಉಳಿದದ್ದನ್ನು ಯಾರು, ಎಷ್ಟು ಕಾಲ ನಡೆಸುತ್ತಾರೆ? ಅಲ್ಲಿಗೆ ಜನ ಬರುವುದು ಯಾತಕ್ಕೆ? ಉತ್ತರ ತೃಪ್ತಿಕರವಾಗಿದ್ದರೆ ಮುಂದಿನ ಮಾತು.

ಅಂದ ಹಾಗೆ, ನಲವತ್ತು ಪುಸ್ತಕಗಳ ಗೋಲಿ ಲೆಕ್ಕವನ್ನು ನಿಮ್ಮ ವಿಜ್ಞಾನ ಸಂಘದಲ್ಲಿ ಒಂದು ವಾರ ನಡೆಸಿ ನೋಡಿ. ಲೆಕ್ಕ ತಪ್ಪಲಾರದು. ಆದರೆ ವಾರದ ಕೊನೆಗೆ ಗೋಲಿಗಳ ಡಬ್ಬಿ ಯಾರ ಬಳಿ ಇದೆ ಎಂದು ವಿಚಾರಿಸುವುದನ್ನು ಮರೆಯಬೇಡಿ.