ಸಂಬಳವೆಂಬ ದಾರಿಬುತ್ತಿ

'ಸಂಬಳ' ಶಬ್ದವು ಸಂಸ್ಕೃತದ 'ಶಂಬಲ'ದಿಂದ ಬಂದುದು; ದಾರಿಯ ಬುತ್ತಿಯೆಂಬುದು ಅದರ ಮೂಲಾರ್ಥ. ದುಡಿಮೆಯ ದೀರ್ಘ ಪಯಣದಲ್ಲಿ ಸ್ತ್ರೀಪುರುಷರ ಬುತ್ತಿಯು ಎಲ್ಲಿಯವರೆಗೆ ಸಮ, ಎಲ್ಲಿಂದ ವಿಷಮ ಎಂಬುದನ್ನು ಇಲ್ಲಿ ಕೊಂಚ ವಿಚಾರಿಸೋಣ.

ಸಮಾನ ಕಾರ್ಯಕ್ಕೆ ಸಮಾನ ವೇತನವೆಂಬ ತತ್ತ್ವವನ್ನು ನಮ್ಮ ಸಂವಿಧಾನದ 39ನೆಯ ಅನುಚ್ಛೇದವು ಸಾರಿದೆ. 1976ರ ಸಮಾನ ವೇತನ ಕಾಯಿದೆಯು ಅದಕ್ಕೆ ಶಾಸನದ ಬಲವನ್ನಿತ್ತಿತು. ಈಗ ಆ ಸ್ಥಾನದಲ್ಲಿ 2019ರ ವೇತನ ಸಂಹಿತೆಯಿದೆ. ಆದುದರಿಂದ ಒಂದೇ ದಿನ ಒಂದೇ ಹುದ್ದೆಗೆ ಸೇರಿದ ಇಬ್ಬರ ಮೊದಲ ಸಂಬಳದಲ್ಲಿ ಭೇದವು ಕಾಣದಿರಬಹುದು. ಅದು ತಲೆದೋರುವುದು ಕಾಲಕ್ರಮದಲ್ಲಿ. ಮೊದಲ ಮಗು ಜನಿಸಿದ ತರುವಾಯ ಅಂತರವು ಹಿಗ್ಗುವುದೆಂಬುದನ್ನು 2023ರ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ಅವರ ಸಂಶೋಧನೆಯು ಶ್ರುತಪಡಿಸಿದೆ.

ಜಯನಗರದ ಒಂದು ಖಾಸಗಿ ಶಾಲೆಯಲ್ಲಿ ನನ್ನೊಡನೆಯೇ ಕೆಲಸಕ್ಕೆ ಸೇರಿದ ಉಪಾಧ್ಯಾಯಿನಿಯೊಬ್ಬರು ಮಕ್ಕಳ ಪಾಲನೆಗಾಗಿ ಐದು ವರ್ಷ ಕೆಲಸ ಬಿಟ್ಟಿದ್ದರು. ಮರಳಿ ಬಂದಾಗ ಅವರ ಹೆಸರು ಜ್ಯೇಷ್ಠತಾ ಪಟ್ಟಿಯಲ್ಲಿ ನನ್ನ ಶಿಷ್ಯರೊಬ್ಬರ ಹೆಸರಿಗಿಂತಲೂ ಕೆಳಗಿತ್ತು. ಇದರ ಪರಿಣಾಮವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಇಬ್ಬರೂ 20,000 ರೂಪಾಯಿಗೆ ಸೇರಿ, ವರ್ಷಕ್ಕೆ 1,000 ರೂಪಾಯಿ ಬಡ್ತಿ ಪಡೆಯುವರೆನ್ನೋಣ. 30 ವರ್ಷ ಸತತವಾಗಿ ದುಡಿದವನ ಸಂಬಳವು 50,000 ಆಗುತ್ತದೆ. ಐದು ವರ್ಷ ದುಡಿದು, ಐದು ವರ್ಷ ಬಿಟ್ಟು, ಪುನಃ ಮೊದಲ ಮೆಟ್ಟಿಲಿನಿಂದಲೇ ಏರಿದವಳದು 40,000. ಬಿಟ್ಟದ್ದು ಐದು ವರ್ಷವಾದರೂ ಕಳೆದದ್ದು ಹತ್ತು ವರ್ಷಗಳ ಬಡ್ತಿ! ಗ್ರಾಚ್ಯುಟಿಯು ಕೊನೆಯ ಸಂಬಳ, ಸೇವಾವಧಿಗಳೆರಡನ್ನೂ ಅವಲಂಬಿಸುವುದರಿಂದ, ಮುಪ್ಪಿನ ಬುತ್ತಿಯಲ್ಲಿ ಅಂತರವು ಇನ್ನೂ ಹೆಚ್ಚುತ್ತದೆ. ಇಲ್ಲಿ ಕಾಯಿದೆಯನ್ನು ಮುರಿದವರು ಯಾರೂ ಇಲ್ಲ.

ಉನ್ನತ ಹುದ್ದೆಗಳ ಕಥೆಯೂ ಭಿನ್ನವಲ್ಲ. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆ, ಕೊಡಗಿನ ಸಿ. ಬಿ. ಮುತ್ತಮ್ಮನವರು ಬಡ್ತಿಯಲ್ಲಿ ತಮಗೆ ಅನ್ಯಾಯವಾಯಿತೆಂದು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮಹಿಳೆಯು ವಿವಾಹಕ್ಕೆ ಸರ್ಕಾರದ ಅನುಮತಿ ಪಡೆಯಬೇಕೆಂಬ ಆ ಸೇವೆಯ ನಿಯಮವನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1979ರ ತೀರ್ಪಿನಲ್ಲಿ ಕಟುವಾಗಿ ಖಂಡಿಸಿದರು.

2017ರ ತಿದ್ದುಪಡಿಯು ಮೊದಲೆರಡು ಹೆರಿಗೆಗಳ ರಜೆಯನ್ನು 26 ವಾರಗಳಿಗೆ ಏರಿಸಿ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಇದು ಸ್ತುತ್ಯವೇ. ಆದರೆ ಮಗುವಿನ ಬಾಲ್ಯವು 26 ವಾರಗಳಿಗೆ ಮುಗಿಯುವುದಿಲ್ಲ. ಮರಳಿ ಬಂದವರ ಹಿಂದಿನ ಸೇವೆಯನ್ನು ಪರಿಗಣಿಸುವುದೂ, ನೌಕರರು ಎಷ್ಟೇ ಮಂದಿಯಿರಲಿ ಮಕ್ಕಳಿಗೊಂದು ಕೊಠಡಿಯನ್ನು ಮೀಸಲಿಡುವುದೂ ವಿದ್ಯಾಸಂಸ್ಥೆಗಳ ಕೈಯಲ್ಲಿಯೇ ಇದೆ. ಶಾಲಾ ಕಟ್ಟಡಗಳಿಗೆ ಉದಾರವಾಗಿ ನೆರವೀಯುವ ದಾನಿಗಳು ಅಂತಹ ಒಂದು ಕೊಠಡಿಯನ್ನೂ ನೆನೆಯಲಿ. ಜೊತೆಯಲ್ಲಿ ಹೊರಟವರ ಬುತ್ತಿಯು ಪಯಣದ ಕೊನೆಯಲ್ಲಿಯೂ ಸಮನಾಗಿದ್ದರೆ ಮಾತ್ರ ಸಮಾನ ವೇತನವೆಂಬ ಮಾತು ಸಾರ್ಥಕವಾದೀತು.