ಮರುಮದುವೆಗೆ ದಂಡ ತೆರಬೇಕೆ?

ಕಳೆದ ತಿಂಗಳು ಮಳವಳ್ಳಿಯಲ್ಲಿ ಬಂಧುಗಳ ಮನೆಯ ಕಾರ್ಯ ಮುಗಿಸಿಕೊಂಡು ಮಂಡ್ಯಕ್ಕೆ ಹಿಂದಿರುಗುವಾಗ ಮದ್ದೂರಿನಲ್ಲಿ ಬಸ್ಸು ಬದಲಿಸಲು ಇಳಿದಿದ್ದೆ. ಹಿಂದೆ ನಮ್ಮ ಬೀದಿಯ ಮನೆಗಳಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು ಗುರುತು ಹಿಡಿದು ಹತ್ತಿರ ಬಂದರು. ಗಂಡ ತೀರಿಕೊಂಡು ಎಂಟು ವರ್ಷ. ಮಗಳು ಒಂಬತ್ತನೆಯ ತರಗತಿ. ಈಗ ಮದ್ದೂರಿನ ಬಳಿಯ ತವರಿನಲ್ಲಿದ್ದು ಕೂಲಿ ಮಾಡಿ ಬದುಕುತ್ತಿದ್ದಾರೆ. ಮಳವಳ್ಳಿ ಕಡೆಯ, ಹೆಂಡತಿಯನ್ನು ಕಳೆದುಕೊಂಡ ಸರಕು ಆಟೊ ಚಾಲಕರೊಬ್ಬರು ಇವರನ್ನು ಮದುವೆಯಾಗಿ ಇವರ ಮನೆಗೇ ಬಂದು ನೆಲೆಸಲು ಒಪ್ಪಿದ್ದಾರೆ. ಸಂತೋಷದ ಸುದ್ದಿ. ಆದರೆ ಆಕೆ ಕೇಳಿದ್ದು ಬೇರೆ: ‘ಸಾರ್, ಮದ್ವೆ ಮಾಡ್ಕೊಂಡ್ರೆ ವಿಧವಾ ವೇತನ ನಿಂತೋಯ್ತದಂತೆ. ಯಾರಿಗೂ ಹೇಳ್ದೆ ಸುಮ್ನೆ ಹಂಗೇ ಇದ್ದುಬಿಡೋದ?’

ಮೂವತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ನಿಯಮದ ಉತ್ತರ ನಾಲಗೆಯ ತುದಿಯಲ್ಲಿತ್ತು. ಆದರೂ ಹೇಳಲು ತಡವರಿಸಿದೆ. ಅದಕ್ಕೆ ಕಾರಣವಿತ್ತು.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾನು ಆಗ ತಾಲ್ಲೂಕೊಂದರಲ್ಲಿ ತಹಶೀಲ್ದಾರನಾಗಿದ್ದೆ. ಅದು ಯಾವುದೆಂದು ಹೇಳುವುದು ಇಲ್ಲಿ ಅನಗತ್ಯ. ವಿಧವಾ ವೇತನ ಪಡೆಯುತ್ತಿದ್ದ ಮಹಿಳೆಯೊಬ್ಬರ ಮನೆಯಲ್ಲಿ ಗಂಡಸೊಬ್ಬ ವಾಸವಾಗಿದ್ದಾನೆಂದು ಮೂಗರ್ಜಿ ಬಂತು. ಗ್ರಾಮ ಲೆಕ್ಕಿಗರು ‘ಕೂಡಿಕೆಯಾಗಿರುವುದು ನಿಜ’ ಎಂದು ಎರಡು ಸಾಲಿನ ವರದಿ ಕೊಟ್ಟರು. ನಾನು ರದ್ದತಿ ಆದೇಶಕ್ಕೆ ಸಹಿ ಹಾಕಿದೆ. ಕಾನೂನಿನ ದೃಷ್ಟಿಯಿಂದ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಎರಡು ತಿಂಗಳು ಮನಿಆರ್ಡರ್ ಬಾರದಿದ್ದಾಗ ಆಕೆ ಮಗನನ್ನು ಕರೆದುಕೊಂಡು ಕಚೇರಿಗೆ ಬಂದರು. ‘ಅವ್ರು ಬಂದ್ಮೇಲೆ ಮನೇಲಿ ಉಣ್ಣೋರು ಒಬ್ರು ಜಾಸ್ತಿ ಆದ್ರು ಸ್ವಾಮಿ, ಕಮ್ಮಿ ಆಗ್ಲಿಲ್ಲ’ ಎಂದರು. ಆತ ಆಲೆಮನೆಯ ಕೂಲಿ. ಆಗ ಕಬ್ಬು ಅರೆಯುವ ಕಾಲವಲ್ಲ, ಕೆಲಸವಿರಲಿಲ್ಲ. ಅಂಗಡಿಯ ಸಾಲ ಏರಿತ್ತು, ಕಿವಿಯ ಓಲೆ ಗಿರವಿ ಸೇರಿತ್ತು. ನಾನು ನಿಯಮವನ್ನು ವಿವರಿಸಿ ಕಳುಹಿಸಿದೆ.

ಒಂದು ವರ್ಷದ ಬಳಿಕ ಅದೇ ಮಹಿಳೆ ಹೊಸ ಅರ್ಜಿಯೊಂದಿಗೆ ಬಂದರು. ಆತ ಬಿಟ್ಟುಹೋಗಿದ್ದ. ಆದರೆ ಈಗ ಆಕೆ ಕಡತದ ಪ್ರಕಾರ ವಿಧವೆಯಲ್ಲ, ಏಕೆಂದರೆ ಮರುಮದುವೆಯಾಗಿದೆ ಎಂದು ನಾನೇ ಬರೆದಿದ್ದೆ. ವಿಚ್ಛೇದಿತೆಯೂ ಅಲ್ಲ, ಏಕೆಂದರೆ ಕೂಡಿಕೆಗೆ ದಾಖಲೆಯೇ ಇರಲಿಲ್ಲ. ವೇತನ ರದ್ದು ಮಾಡುವಾಗ ಸಾಕಾಗಿದ್ದ ಎರಡು ಸಾಲಿನ ವರದಿ, ವೇತನ ಮರಳಿ ಕೊಡುವಾಗ ಸಾಲದಾಯಿತು. ಆ ಅರ್ಜಿಯನ್ನು ತಿರಸ್ಕರಿಸಿದ ಸಹಿಯೂ ನನ್ನದೇ.

ನಿರ್ಗತಿಕ ವಿಧವಾ ವೇತನ ಯೋಜನೆ ರಾಜ್ಯದಲ್ಲಿ ಆರಂಭವಾದುದು 1984ರಲ್ಲಿ. 2021ರಲ್ಲಿ ಮಾಸಿಕ ಮೊತ್ತ 600ರಿಂದ 800 ರೂಪಾಯಿಗೆ ಏರಿತು. ಆತ್ಮಹತ್ಯೆ ಮಾಡಿಕೊಂಡ ರೈತರ ಪತ್ನಿಯರಿಗೆ ಮಾಸಿಕ 2,000 ರೂಪಾಯಿ ಕೊಡುವ ತೀರ್ಮಾನ 2015ರದು. ಆ ವರ್ಷ ಮಂಡ್ಯ ಜಿಲ್ಲೆ ಕಂಡ ಸಾವುಗಳನ್ನು ಇಲ್ಲಿನವರು ಮರೆತಿಲ್ಲ. ಅಂದು ಗಂಡನನ್ನು ಕಳೆದುಕೊಂಡವರಲ್ಲಿ ಎಷ್ಟೋ ಮಂದಿ ಚಿಕ್ಕ ವಯಸ್ಸಿನವರು. ಅವರಿಗೆ ಮತ್ತೊಂದು ಬಾಳು ಬೇಡವೇ?

ವಿಧವಾ ವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ ಮಿತಿ 32,000 ರೂಪಾಯಿ. ದಿನಕ್ಕೆ 88 ರೂಪಾಯಿಯೂ ಪೂರ್ತಿ ಆಗದು. ಉದ್ಯೋಗ ಖಾತರಿಯಲ್ಲಿ 2025-26ನೇ ಸಾಲಿಗೆ ರಾಜ್ಯಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ನೂರು ದಿನ ದುಡಿದರೆ 37,000. ಅಂದರೆ, ಆದಾಯದ ಲೆಕ್ಕ ಕಟ್ಟುನಿಟ್ಟಾದರೆ, ಸರ್ಕಾರವೇ ಖಾತರಿ ಕೊಟ್ಟ ಕೂಲಿಯನ್ನು ಪೂರ್ತಿ ಪಡೆದ ಕುಟುಂಬ ಸರ್ಕಾರದ ಲೆಕ್ಕದಲ್ಲೇ ನಿರ್ಗತಿಕವಲ್ಲ! ಇಂಥ ಮನೆಗೆ ದುಡಿಯುವ ಕೈಯೊಂದು ಬಂದೊಡನೆ ವೇತನ ಹೋಗುತ್ತದೆ. ಒಟ್ಟು ಆದಾಯ 1.20 ಲಕ್ಷ ದಾಟಿದರೆ ಬಿಪಿಎಲ್ ಚೀಟಿಯೂ ಹೋಗುತ್ತದೆ. ಬಂದ ಗಂಡನ ಹೆಸರನ್ನು ಚೀಟಿಗೆ ಸೇರಿಸಬೇಕಾದರೆ ಮೊದಲು ಅವನ ಹಳೆಯ ಚೀಟಿಯಿಂದ ತೆಗೆಸಬೇಕು. ತೆಗೆಯುವುದಕ್ಕೂ ಸೇರಿಸುವುದಕ್ಕೂ ನಡುವಿನ ತಿಂಗಳುಗಳಲ್ಲಿ ಅವನ ಪಾಲಿನ ಅಕ್ಕಿ ಎರಡೂ ಕಡೆ ಇಲ್ಲ. ಆಕೆಯೇ ಗಂಡನ ಮನೆಗೆ ಹೋದರೆ ಅಲ್ಲಿ ಅತ್ತೆಯೇ ಯಜಮಾನಿಯಾಗಿರಬಹುದು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಒಂದು ಚೀಟಿಗೆ ಒಬ್ಬ ಯಜಮಾನಿಗೆ ಮಾತ್ರ. ಎಂಟುನೂರು ಮತ್ತು ಎರಡು ಸಾವಿರ ಎರಡೂ ತಪ್ಪಿದರೆ ವರ್ಷಕ್ಕೆ 33,600 ರೂಪಾಯಿ. ಅಂದರೆ ಮರುಮದುವೆಯಿಂದ ಆಗುವ ನಷ್ಟ ಯೋಜನೆಯ ಆದಾಯ ಮಿತಿಗಿಂತಲೂ ಹೆಚ್ಚು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ತೆರಿಗೆ ಎಂದೇ ಕರೆಯುತ್ತೇನೆ. ಶ್ರೀಮಂತರ ಮೇಲೂ ಇಷ್ಟು ಭಾರದ ತೆರಿಗೆಯನ್ನು ಯಾವ ಸರ್ಕಾರವೂ ಹಾಕುವುದಿಲ್ಲ.

ಗಂಡ ಬಂದ ಮೇಲೂ ವಿಧವಾ ವೇತನವೇಕೆ, ಅದು ನಿಜವಾದ ನಿರ್ಗತಿಕರಿಗೆ ಸಲ್ಲಬೇಕಾದ ಹಣವಲ್ಲವೇ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆಜೀವ ಪರ್ಯಂತ ಕೊಡಿ ಎಂದು ನಾನೂ ಹೇಳುತ್ತಿಲ್ಲ. ಆದರೆ ಮನೆಗೆ ಗಂಡಸೊಬ್ಬ ಬಂದ ಎಂಬುದೂ, ಮನೆಗೆ ಆದಾಯ ಬಂತು ಎಂಬುದೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಅಮೆರಿಕದ ಸುಪ್ರೀಂ ಕೋರ್ಟು 1968ರಲ್ಲೇ ಗುರುತಿಸಿತು. ತಾಯಿಯ ಜೊತೆ ಒಬ್ಬ ಗಂಡಸಿನ ಸಂಬಂಧವಿದೆ ಎಂಬ ಒಂದೇ ಕಾರಣಕ್ಕೆ ಅಲಬಾಮಾ ರಾಜ್ಯ ಆಕೆಯ ಮಕ್ಕಳ ನೆರವನ್ನು ನಿಲ್ಲಿಸುತ್ತಿತ್ತು. ಆ ಮಕ್ಕಳನ್ನು ಸಾಕುವ ಕಾನೂನಿನ ಹೊಣೆ ಇಲ್ಲದವನನ್ನು ತಂದೆಯೆಂದು ಎಣಿಸಲಾಗದು ಎಂದು ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು. ನಮ್ಮಲ್ಲೇ, ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಲ್ಲದ ವಿಧವೆಗೆ ಮರುಮದುವೆಯ ನಂತರವೂ, ಆದಾಯದ ಷರತ್ತಿಗೆ ಒಳಪಟ್ಟು, ಕುಟುಂಬ ಪಿಂಚಣಿ ಮುಂದುವರಿಸುವ ವ್ಯವಸ್ಥೆ 2006ರಿಂದ ಇದೆ. ನೌಕರನ ವಿಧವೆಗೆ ಸಲ್ಲುವ ಉದಾರತೆ ಕೂಲಿಯವನ ವಿಧವೆಗೆ ಏಕಿಲ್ಲ?

ನನ್ನದೇ ಉದಾಹರಣೆ ಕೊಡುತ್ತೇನೆ. ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ನನ್ನ ಪಿಂಚಣಿಯೂ ಪರಿಷ್ಕೃತವಾಯಿತು. ಹೊಸ ಲೆಕ್ಕ ಸಿದ್ಧವಾಗುವವರೆಗೆ ಹಳೆಯ ಪಿಂಚಣಿ ಒಂದು ತಿಂಗಳೂ ತಪ್ಪದೆ ಬಂತು. ‘ನಿಮ್ಮ ಲೆಕ್ಕ ಪರಿಶೀಲನೆಯಲ್ಲಿದೆ, ಅಲ್ಲಿಯವರೆಗೆ ಏನೂ ಇಲ್ಲ’ ಎಂದು ನನಗೆ ಯಾರಾದರೂ ಹೇಳಿದ್ದರೆ ನಮ್ಮ ನಿವೃತ್ತರ ಸಂಘ ಸುಮ್ಮನಿರುತ್ತಿತ್ತೇ? ಆದರೆ ಎಂಟುನೂರು ರೂಪಾಯಿಯವರಿಗೆ ನಾವು ಹೇಳುತ್ತಿರುವುದು ಅದನ್ನೇ.

ಮಾಡಬೇಕಾದದ್ದು ಬಹಳವಿಲ್ಲ. ಮರುಮದುವೆಯನ್ನು ತಾವಾಗಿ ತಿಳಿಸಿದವರಿಗೆ ಒಂದು ವರ್ಷ ವೇತನ ಮುಂದುವರಿಯಲಿ, ಬಳಿಕ ಹೊಸ ಕುಟುಂಬದ ನಿಜವಾದ ಆದಾಯ ನೋಡಿ ತೀರ್ಮಾನಿಸಲಿ. ಮೂಗರ್ಜಿಯ ಆಧಾರದ ಮೇಲೆ, ನೋಟಿಸು ಕೊಡದೆ, ಹೇಳಿಕೆ ಪಡೆಯದೆ ಯಾರ ವೇತನವನ್ನೂ ನಿಲ್ಲಿಸಬಾರದು. ಸಂಸಾರ ಮುರಿದುಬಿದ್ದರೆ ಹಳೆಯ ಆದೇಶವನ್ನು ಸ್ಥಳ ಮಹಜರಿನ ಮೇಲೆಯೇ ಮರುಜೀವಗೊಳಿಸುವ ಅಧಿಕಾರ ತಹಶೀಲ್ದಾರರಿಗಿರಲಿ. ಪಡಿತರ ಚೀಟಿಯಲ್ಲಿ ಹೆಸರು ತೆಗೆಯುವುದೂ ಸೇರಿಸುವುದೂ ಒಂದೇ ಅರ್ಜಿಯಲ್ಲಿ, ಒಂದೇ ದಿನ ಆಗಲಿ. 2011ರ ಸಕಾಲ ಕಾಯ್ದೆಯನ್ನು ತಂದ ರಾಜ್ಯಕ್ಕೆ ಇದು ಅಸಾಧ್ಯವಲ್ಲ. ಇದರಿಂದ ಬೊಕ್ಕಸಕ್ಕೆ ತಗಲುವುದು ಸ್ವಲ್ಪವೇ. ಸಿಗುವ ಲಾಭ ದೊಡ್ಡದು: ಸುಳ್ಳು ಹೇಳಿ ಬದುಕುವ ಒತ್ತಡ ಬಡವರಿಗೆ ತಪ್ಪುತ್ತದೆ. ಇಂದಿನ ನಿಯಮ ಶಿಕ್ಷಿಸುತ್ತಿರುವುದು ಮರುಮದುವೆಯನ್ನಷ್ಟೇ ಅಲ್ಲ, ಪ್ರಾಮಾಣಿಕತೆಯನ್ನು ಕೂಡ. ಮುಚ್ಚಿಟ್ಟ ಸಂಸಾರದಲ್ಲಿ ಹೆಣ್ಣಿಗೆ ಜೀವನಾಂಶದ ಹಕ್ಕಾಗಲಿ, ಆಸ್ತಿಯ ಹಕ್ಕಾಗಲಿ ಸಾಬೀತು ಮಾಡುವುದು ಎಷ್ಟು ಕಷ್ಟ ಎಂಬುದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ಗೊತ್ತು.

ಮದ್ದೂರಿನ ನಿಲ್ದಾಣದಲ್ಲಿ ಆ ಮಹಿಳೆಗೆ ನಾನು ಕೊನೆಗೆ ಹೇಳಿದ್ದು ಇಷ್ಟು: ಮುಚ್ಚಿಡಬೇಡಮ್ಮ. ಮದುವೆಯನ್ನು ನೋಂದಾಯಿಸಿಕೊಳ್ಳಿ. ಮೂರು ತಿಂಗಳ ಮನೆಖರ್ಚು ಕೈಯಲ್ಲಿಟ್ಟುಕೊಂಡು ನಾಡಕಚೇರಿಗೆ ಹೋಗಿ, ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಪಡೆಯಿರಿ. ಹೊಸ ಆದಾಯ ಪ್ರಮಾಣಪತ್ರ ಮಾಡಿಸಿ. ಚೀಟಿಯ ಕೆಲಸ ಆಗುವವರೆಗೆ ಸಂಘದ ಸಾಲಕ್ಕೆ ಕೈಹಾಕಬೇಡಿ. ಆಕೆ ಎಲ್ಲವನ್ನೂ ಗಮನವಿಟ್ಟು ಕೇಳಿದರು. ಆಮೇಲೆ, ‘ಮೂರು ತಿಂಗ್ಳ ದುಡ್ಡು ಕೈಯಾಗಿದ್ದಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ ಸಾರ್? ಅಲ್ಲೀಗಂಟ ಏನ್ ಮಾಡದು?’ ಎಂದರು.

ಅಷ್ಟರಲ್ಲಿ ಮಂಡ್ಯದ ಬಸ್ಸು ಬಂತು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ವಿಧಾನಸೌಧದಲ್ಲಿದ್ದಾರೆ.